ನಾಲ್ಕು ಪೆನ್ನಿಯ ಉಯಿಲು

ಉಯಿಲು ಬರೆಯಲು ನನ್ನ ಕೂಲಿ ನಾಲ್ಕು ಪೆನ್ನಿ.
ಶಾಯಿ ನನ್ನದೇ, ಹೆಬ್ಬಾತಿನ ಗರಿ ನನ್ನದೇ,
ಕಾಗದ ಮಾತ್ರ ಚರ್ಚಿನದು. ಪಾದ್ರಿಗೆ ಗೊತ್ತಿಲ್ಲ.

ಜನವರಿಯ ಆ ಸಂಜೆ ಲಿಂಕನ್‌ಶೈರಿನ ಜೌಗಿನ ಮೇಲೆ
ಎಂಥ ಗಾಳಿಯೆಂದರೆ
ಆಂಬ್ರೋಸ್ ಪಿಂಚ್‌ಬೆಕ್‌ನ ಗುಡಿಸಲಲ್ಲಿ ದೀಪ
ನೆಟ್ಟಗೆ ನಿಂತದ್ದಕ್ಕಿಂತ ಬಾಗಿದ್ದೇ ಹೆಚ್ಚು.
ಹೆಪ್ಪುಗಟ್ಟಿದ ಶಾಯಿಯ ಕುಪ್ಪಿಯನ್ನು
ಕಂಕುಳಲ್ಲಿಟ್ಟು ಕರಗಿಸಿಕೊಂಡೆ.

"ದೇವರ ಹೆಸರಿನಲ್ಲಿ, ಆಮೆನ್.
ಮೈಯಲ್ಲಿ ಸ್ವಸ್ಥನಲ್ಲದಿದ್ದರೂ ನೆನಪು ನೆಟ್ಟಗಿರುವ ನಾನು..."
ಇದು ನನಗೆ ಬಾಯಿಪಾಠ.
ಕುರುಬನಿಗೂ ಇದೇ, ಗಿರಣಿಯವನಿಗೂ ಇದೇ:
ಆತ್ಮ ದೇವರಿಗೆ, ದೇಹ ಮಣ್ಣಿಗೆ.
"ಮಣ್ಣಿಗೆ ಕೊಡೋದು ಇನ್ನೇನು ಉಳಿದಿದೆ?" ಅಂದ ಆಂಬ್ರೋಸ್,
ಮೂವತ್ತೊಂದು ವರ್ಷ ಊರವರ ಕಾಲುವೆ ತೋಡಿದವನು.
"ಮುಂದಕ್ಕೆ ಹೋಗು. ಉಸಿರು ಕಡಿಮೆ ಇದೆ."

ಮುಂದಕ್ಕೆ ಹೋದೆ.

ಹಿತ್ತಾಳೆ ಪಾತ್ರೆ ಮಗ ಲಾರೆನ್ಸನಿಗೆ.
ತಳಕ್ಕೆ ಎರಡು ಸಲ ಬೆಸುಗೆ ಹಾಕಿಸಿದ್ದು, ಅದನ್ನೂ ಬರಿ,
ಅಪ್ಪ ಮೋಸ ಮಾಡಿದ ಅನ್ನಬಾರದು ನಾಳೆ.
ಗುದ್ದಲಿ ಅವನಿಗೆ. ಅಂಗಳದ ತಿಪ್ಪೆಯೂ ಅವನಿಗೆ,
ಮೂರು ಗಾಡಿಯಷ್ಟಾದೀತು.
ಕೆಂದ ಹಸುವಿನಲ್ಲಿ ಅರ್ಧ (ಉಳಿದರ್ಧ ಭಾವಮೈದುನನದು).
ಯಾವ ಅರ್ಧವೆಂದು ನಾನು ಕೇಳಿರಲಿಲ್ಲ.
"ಹಾಲು ಕೊಡೋ ಕಡೇದು" ಅಂದವನು
ನಗಲು ಹೋಗಿ ಕೆಮ್ಮಿದ, ಬಹಳ ಹೊತ್ತು.

ಹೆಂಡತಿ ಆವಿಸ್‌ಗೆ ಮಂಚ, ಹಾಸಿಗೆ, ಈಗ ಇರುವಂತೆಯೇ.
ಈಗ ಅದರ ಮೇಲೆ ಅವನಿದ್ದ.
ಮತ್ತೆ ಒಲೆಯ ಪಕ್ಕ ಒಂದು ಜಾಗ, ಅವಳು ಬದುಕಿರುವವರೆಗೆ;
ಬಾವಿಗೆ ಹೋಗಿ ಬರುವ ದಾರಿ,
ಸೊಸೆ ಬಂದ ಮೇಲೂ.
"ಸೊಸೆ ಬಂದ ಮೇಲೂ" ಎಂಬುದನ್ನು
ಎರಡು ಸಲ ಬರೆಸಿದ.
ಆವಿಸ್ ನಮ್ಮ ಕಡೆ ಬೆನ್ನು ಮಾಡಿ
ಜೌಗುಮಣ್ಣಿನ ಒಣ ಇಟ್ಟಿಗೆಯೊಂದನ್ನು ಬೆಂಕಿಗೆ ನೂಕಿದಳು.

"ಥಾಮಸೀನ್‌ಗೆ..." ಎಂದು ನಿಂತ.
ಮಗಳಿಗೆ ಏನು ಉಳಿಯಿತೆಂದು
ನಾವೆಲ್ಲ ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಹುಡುಕಿದೆವು.
ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನನಗೆ ಬರಬೇಕಾದ್ದು ಅವಳಿಗೆ" ಅಂದ.
"ಉತ್ತರದ ಹುಲ್ಲುಗಾವಲಿನ ಕಾಲುವೆ, ನಲವತ್ತು ಕೋಲು ಉದ್ದ,
ಸುಗ್ಗಿ ಕಳೆದ ಮೇಲೆ ತೋಡಿದ್ದು.
ಗರ್ವಾಸ್ ಹರೆಲ್ ಕೊಡಬೇಕಾದ ಹನ್ನೊಂದು ಶಿಲ್ಲಿಂಗ್."

ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತಿದ್ದವನು
ಗರ್ವಾಸ್ ಹರೆಲ್.
ಸಾಕ್ಷಿಗೆಂದು ಆಂಬ್ರೋಸನೇ ಹೇಳಿಕಳಿಸಿ ಕರೆಸಿದ್ದ.
ಕೆಸರಾದದ್ದು ಯಾರ ಕೈ,
ಮೊಸರು ಯಾರ ಮನೆಯ ಗಡಿಗೆಯಲ್ಲಿತ್ತು,
ಅಲ್ಲಿದ್ದ ಎಲ್ಲರಿಗೂ ಗೊತ್ತು. ಹಲ್ಲಿಗೆ ಹಲ್ಲು ತಾಗಿಸದೆ ಕೂತೆವು.

"ಒಂಬತ್ತು" ಅಂದ ಹರೆಲ್.
"ಹನ್ನೊಂದು" ಅಂದಳು ಆವಿಸ್, ತಿರುಗದೆ.

ಸಾಯುವವನ ಹಾಸಿಗೆಯ ಬಳಿ
ಎಂಥ ಜಿಪುಣನೂ ಚೌಕಾಸಿಯನ್ನು ಮೂರನೆಯ ಮಾತಿಗೆ ಒಯ್ಯಲಾರ.
ನಾನು ಹನ್ನೊಂದೇ ಬರೆದೆ,
ಅಂಕೆಯಲ್ಲಲ್ಲ, ಅಕ್ಷರದಲ್ಲಿ. ಅಂಕೆಯನ್ನು ಕೆರೆಯಬಹುದು.

ಆಂಬ್ರೋಸ್ ತನ್ನ ಗುರುತು ಹಾಕಿದ:
ಒಂದು ಗೆರೆ, ಕೆಳಗೆ ಒಂದು ಚೌಕ. ಗುದ್ದಲಿ.
ಚೌಕ ಪೂರ್ತಿ ಮುಚ್ಚಿಕೊಳ್ಳಲಿಲ್ಲ.
ಪಕ್ಕದ ಮನೆಯವನು ಕುರಿಗೆ ಹಾಕುವ ಮುದ್ರೆಯನ್ನೇ ಬರೆದ.
ಹರೆಲ್ ಮಾತ್ರ ಹೆಸರು ಬರೆದ, ಬಾಲಗಳಿಟ್ಟು, ಬಳ್ಳಿ ಬಿಟ್ಟು.
ನಿಜ ಹೇಳಬೇಕೆಂದರೆ
ಆ ಕಾಗದದಲ್ಲಿ ಅಷ್ಟು ಚೆಂದದ ಸಾಲು ಇನ್ನೊಂದಿಲ್ಲ.

ಮೂರನೆಯ ದಿನ ಮಣ್ಣು ಮಾಡಿದರು.
ಗುಂಡಿಯಲ್ಲಿ ನೀರು ನಿಂತಿತ್ತು;
ಅವನಿದ್ದಿದ್ದರೆ ಓರೆಯಾಗಿ ಒಂದು ಕಾಲುವೆ ಕೊಟ್ಟು ಹರಿಸುತ್ತಿದ್ದ.

ಮಾರ್ಚಿ ಕೊನೆಗೆ ಥಾಮಸೀನ್ ಬಂದು
ನಾಲ್ಕು ಪೆನ್ನಿ ಮೇಜಿನ ಮೇಲಿಟ್ಟಳು.
ಹರೆಲ್ ಕೊಟ್ಟನೇ ಎಂದು ಕೇಳಲು ಬಾಯಿ ಬರಲಿಲ್ಲ.
ಅವಳ ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣಿತ್ತು.
ಒಂದು ಪೆನ್ನಿ ಹಿಂದಕ್ಕೆ ಸರಿಸಿ,
"ಕಾಗದ ನನ್ನದಲ್ಲ" ಅಂದೆ.