ಎರಡು ಸಾಲಿನಲ್ಲಿ

ಬೀಳ್ಕೊಡುಗೆಯ ಪುಸ್ತಿಕೆಗೆ
ಅರಬಾ ಎಸುಮನ್ ಮೇಡಂ ಬಗ್ಗೆ ಎರಡೇ ಸಾಲು ಬರೆದುಕೊಡು
ಅಂದಿದೆ ಕಾಲೇಜು.
ವೃತ್ತಿಗೆ ಒಂದು ಸಾಲು, ಸಂಶೋಧನೆಯ ಆಸಕ್ತಿಗೆ ಇನ್ನೊಂದು.

ಮೊದಲನೆಯದು ಸಲೀಸು. ಮೂವತ್ತೊಂದು ವರ್ಷ
ಶಿಶುವಿಹಾರದ ಟೀಚರುಗಳಿಗೆ ಟೀಚರು.
ಆದರೆ ಆ ಮಂಡಿಗಳನ್ನು ಎಲ್ಲಿಡಲಿ?
ಎರಡಡಿ ಎತ್ತರದ ಕಣ್ಣುಗಳ ಮಟ್ಟಕ್ಕೆ ಇಳಿದಿಳಿದು
ಸಿಮೆಂಟು ನೆಲದ ಮೇಲೆ ಜಡ್ಡುಗಟ್ಟಿದ ಮಂಡಿಗಳನ್ನು?

ಮೊರೀ ಊರಿನ ಶಾಲೆ. ನನ್ನ ಅಭ್ಯಾಸ ಪಾಠದ ಮೊದಲ ವಾರ.
ಮಂಗಳವಾರ; ನಮ್ಮ ಫಾಂಟೆ ಕರಾವಳಿಯಲ್ಲಿ
ಅಂದು ಕಡಲಿಗೆ ರಜೆ.
ದೋಣಿಗಳೆಲ್ಲ ಮರಳ ಮೇಲೆ, ಅಪ್ಪಂದಿರು ಬಲೆಯ ತೂತಿನೊಳಗೆ.
ನಾನು ಗರಿಗರಿ ಇಸ್ತ್ರಿಯ ಅಂಗಿ ತೊಟ್ಟು
ಒನ್ ಟೂ ತ್ರೀ ಹೇಳಿಸುತ್ತಿದ್ದೆ.
ನಲವತ್ತು ಬಾಯಿ ಒಂದೇ ಬಾಯಾಗಿ ಒಪ್ಪಿಸುತ್ತಿತ್ತು,
ಒಂದು ಕಣ್ಣೂ ಎಣಿಸುತ್ತಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಮೇಡಂ, ಅಂಗೈಯಲ್ಲಿ ಸ್ಟಾಪ್‌ವಾಚು.
ಮೂರು ಸೋಡಾ ಮುಚ್ಚಳ ಹಿಡಿದು
ಎಕುವಾ ಎಂಬ ಪುಟ್ಟಿಯನ್ನು ಕೇಳಿದೆ, ಎಷ್ಟು?
ಅವಳು ಮಾತಾಡಲಿಲ್ಲ. ನಾನೇ ಹೇಳಿಬಿಟ್ಟೆ.

ಸಂಜೆ ನೋಟುಬುಕ್ಕು ನನ್ನ ಕಡೆ ತಿರುಗಿಸಿದರು.
ಒಂದೇ ಅಂಕಿ: ಮುಕ್ಕಾಲು ಸೆಕೆಂಡು.
‘ಯೋಚಿಸಲಿಕ್ಕೆ ಆ ಮಗುವಿಗೆ ನೀನು ಕೊಟ್ಟದ್ದು ಇಷ್ಟು.’
ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಅವರೇ ಮಂಡಿಯೂರಿದರು.
ಅದೇ ಮುಚ್ಚಳ, ಅದೇ ಪ್ರಶ್ನೆ, ಫಾಂಟೆಯಲ್ಲಿ.
ಕೇಳಿ, ಕಾದರು.
ಮೀನು ಸುಡುವ ಹೊಗೆ ಒಳಗೆ ಬಂದು ಹೋಯಿತು.
ಕೋಳಿಯೊಂದು ಹೊಸ್ತಿಲವರೆಗೆ ಬಂದು
ಯೋಚಿಸಿ ಹಿಂತಿರುಗಿತು.
ನನ್ನ ನಾಲಿಗೆಯ ತುದಿ ತುರಿಸುತ್ತಿತ್ತು.
ಎಕುವಾ ಒಂದು ಮುಚ್ಚಳ ಮಗುಚಿದಳು: ಎಕೊರ್.
ಇನ್ನೊಂದು: ಎಬಿಯೆನ್.
ಮೂರನೆಯದನ್ನು ಮೆಲ್ಲಗೆ ಜೇಬಿಗಿಳಿಸಿ
‘ಅಷ್ಟೇ ಇರೋದು’ ಅಂದಳು.
ಮೇಡಂ ನಗಲಿಲ್ಲ. ಬರೆದುಕೊಂಡರು:
ಕಳೆಯುವ ಲೆಕ್ಕವೂ ಬರುತ್ತದೆ.

ಕೋರ್ಸಿನ ಕೊನೆಯ ದಿನ ಹಳೆಯ ಕ್ಯಾಸೆಟ್ಟೊಂದು ಹಾಕಿದರು.
ಗರಗರ ಸದ್ದು. ಯಾವುದೋ ತರಗತಿ.
ಹುಡುಗನೊಬ್ಬ ‘ಕಡಲು ರಾತ್ರಿ…’ ಅಂತ ಶುರುಮಾಡುತ್ತಾನೆ,
ಚೂಪು ದನಿಯ ಟೀಚರು ನಡುವೆ ನುಗ್ಗಿ
‘ಹೌದು, ನೀಲಿ! ಕಡಲು ನೀಲಿ!’
ನಾವು ಹೊಟ್ಟೆ ಹಿಡಿದು ನಕ್ಕೆವು.
ನಗು ಮುಗಿಯುವ ತನಕ ಕಾದರು. ಅದನ್ನೂ ಕಾದರು.

‘ಆ ದನಿ ನನ್ನದು’ ಅಂದರು.
‘ಅವನು ಕೊಬಿನಾ. ನನ್ನ ಹಾಗೆ ಮಂಗಳವಾರ ಹುಟ್ಟಿದವನು.
ಮಾರನೆಯ ವಾರವೇ ಅವರ ಮನೆಯವರು ಟೆಮಾಕ್ಕೆ ಹೊರಟುಹೋದರು.
ರಾತ್ರಿ ಕಡಲು ಏನು ಮಾಡುತ್ತದೆ ಅಂತ
ನನಗೆ ಇನ್ನೂ ಗೊತ್ತಿಲ್ಲ.’

ಕ್ಯಾಸೆಟ್ಟು ತನ್ನಷ್ಟಕ್ಕೆ ಓಡಿ
ಟಕ್ಕೆಂದು ನಿಂತಿತು.

ಪುಸ್ತಿಕೆಗೆ ಈಗ ಹೀಗೆ ಬರೆದಿದ್ದೇನೆ.
ವೃತ್ತಿ: ಶಿಕ್ಷಕರ ಶಿಕ್ಷಕಿ, ಮೂವತ್ತೊಂದು ವರ್ಷ.
ಆಸಕ್ತಿ: ಕೊಬಿನಾ ಏನು ಹೇಳಲಿದ್ದ.
ಕಾಲೇಜಿನವರು ತಿದ್ದುತ್ತಾರೆ.
ತಿದ್ದಲಿ.