ಒಳಜೇಬು

ನಳಿನಾಕ್ಷಿ ತಂದು ಮೇಜಿನ ಮೇಲಿಟ್ಟಾಗ
ಅದು ಚೀಲದ ಹಾಗಿರಲಿಲ್ಲ,
ಅಟ್ಟದ ಮೇಲೆ ಇಲಿ ಕಚ್ಚಿ ಬಿಟ್ಟ ಹಲಸಿನ ಸಿಪ್ಪೆಯ ಹಾಗಿತ್ತು.
"ನಮ್ಮ ಚಾತು ಅಜ್ಜನದ್ದು. ಟಪ್ಪಾಲು ಓಟದವರು.
ಇಲ್ಲಿಂದ ಪೆರುಂಬಾಡಿ ಘಾಟಿ ಇಳಿದು
ಕೆಳಗಿನ ಹೊಳೆಯವರೆಗೆ, ವಾರಕ್ಕೆ ಮೂರು ಸಲ.
ಇದರ ಹಾಗೇ ಒಂದು ಬೇಕು.
ಆದರೆ ಲ್ಯಾಪ್‌ಟಾಪ್ ಹಿಡಿಸಬೇಕು."

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ ನನ್ನ ಅಂಗಡಿ.
ಒಂದು ಕಲ್ಲು, ಒಂದು ಕೊರಡು, ಜೇನುಮೇಣದ ಉಂಡೆ,
ಸೈಮನ್ ಮೇಸ್ತ್ರಿ ಬಿಟ್ಟುಹೋದ ರಂಪಿಗೆ.
ತೋಟದ ದೊರೆಗಳ ಕುದುರೆಗೆ ಜೀನು ಹೊಲಿದ ಮನೆತನದ್ದು ಅದು;
ಅದರ ಹಿಡಿಯ ತಗ್ಗಿಗೆ ನನ್ನ ಹೆಬ್ಬೆರಳು
ಒಂಬತ್ತು ವರ್ಷವಾದರೂ ಸರಿಯಾಗಿ ಕೂತಿಲ್ಲ.

ಮೂರು ರಾತ್ರಿ ಹರಳೆಣ್ಣೆ ಕುಡಿಸಿದೆ.
ನಾಲ್ಕನೆಯ ದಿನ ತೊಗಲು ಮೆತ್ತಗೆ ಬಾಯಿಬಿಟ್ಟಿತು.

ಪಟ್ಟಿ ಸವೆದಿರುವುದು ಎಡ ಹೆಗಲಲ್ಲಿ ಮಾತ್ರ.
ಸರಿ, ಬಲಗೈಯಲ್ಲಿ ಗೆಜ್ಜೆ ಕಟ್ಟಿದ ಈಟಿ.
ತಳಕ್ಕೆ ಮೂಲೆಗಳೇ ಇಲ್ಲ, ಬಟ್ಟಲಿನ ಹಾಗೆ ದುಂಡಗೆ:
ಓಡುವವನ ಸೊಂಟಕ್ಕೆ ಮೂಲೆ ಚುಚ್ಚಬಾರದು.
ಮುಚ್ಚಳ ಯಾಕೆ ಇಷ್ಟುದ್ದ, ಅರ್ಧ ದಿನ ತಲೆ ಕೆಡಿಸಿಕೊಂಡೆ.
ಆಮೇಲೆ ಬೈಕು ಹತ್ತಿ ಘಾಟಿಗೇ ಹೋದೆ.
ಇಳಿಯುವಾಗ ಮಳೆ ಎದುರಿಗೆ,
ಹತ್ತುವಾಗ ಬೆನ್ನಿಗೆ.
ಎರಡನೆಯ ತಿರುವಿನಲ್ಲೇ ಮುಚ್ಚಳ ಅರ್ಥವಾಯಿತು,
ಒದ್ದೆಯಾಗಿ ಹಿಂತಿರುಗಿದೆ.

ಬಕ್ಕಲ್ ಇರಲಿಲ್ಲ. ಹಿತ್ತಾಳೆಯ ಒಂದು ನಾಲಿಗೆ, ಒಂದು ಸೀಳು,
ಒಡಿಕತ್ತಿ ತೊಡಂಗಿನಲ್ಲಿ ಜಾರಿ ಕೂರುವಂತೆ
ಕಣ್ಣು ಬೇಡದೆ ಕೂರುತ್ತದೆ.
ಚಂದಕ್ಕೆ ಹಾಕಿದ ಹೊಲಿಗೆ ಮೊದಲು ಬಿಡುತ್ತದೆ
ಅನ್ನುತ್ತಿದ್ದರು ಮೇಸ್ತ್ರಿ.
ಇಡೀ ಚೀಲದಲ್ಲಿ ಚಂದದ ಹೊಲಿಗೆ ಹುಡುಕಿದೆ.
ಒಂದೂ ಇಲ್ಲ.

ಒಂದು ಒಳಜೇಬು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ.
ಎರಡು ಬೆರಳು ಅಗಲ, ಬಾಯಿಯ ಹತ್ತಿರವೇ, ಎಡಗೈಗೆ ಎಟಕುವಂತೆ.
ಕಾಗದ ಹಿಡಿಸದು, ಕಾಸಿಗೆ ತೀರಾ ಆಳ,
ಬೀಡಿಗೆ ಗಿಡ್ಡ.
ಅಲ್ಲಿ ತೊಗಲು ಬೂದಿ ಬಣ್ಣಕ್ಕೆ ತಿರುಗಿ
ಸಣ್ಣಗೆ ಬಿರುಕು ಬಿಟ್ಟಿತ್ತು.
ಒಂದು ಸಂಜೆ, ಅಂಗಡಿಯಲ್ಲಿ ಯಾರೂ ಇಲ್ಲದಾಗ,
ಯಾಕೆ ಅಂತ ಕೇಳಬೇಡಿ,
ನಾಲಿಗೆ ತಾಗಿಸಿ ನೋಡಿದೆ.

ಉಪ್ಪು.

ಆಗ ಇಡೀ ಘಾಟಿ ನನ್ನ ಕಾಲಿಗೆ ಹತ್ತಿತು:
ಕಣಕಾಲಲ್ಲಿ ಒಂದು, ಬೆರಳ ಸಂದಿಯಲ್ಲಿ ಎರಡು, ಇಂಬಳ.
ನಿಲ್ಲುವ ಹಾಗಿಲ್ಲ, ಯಾರದೋ ಮಗ ಸತ್ತ ಸುದ್ದಿ ಒಳಗಿದೆ,
ಯಾರದೋ ಮನಿಯಾರ್ಡರು.
ಓಡುತ್ತಲೇ ಬಾಗಿ, ಒಂದು ಚಿಟಿಕೆ ಒತ್ತಿ,
ಮತ್ತೆ ಗೆಜ್ಜೆಯ ಸದ್ದು.
ಕಾಗದ ಪಡೆದವರು ಅಂಗಳದಲ್ಲಿ
ಅವನ ಕಾಲಿನ ನೆತ್ತರು ನೋಡಿದ್ದರೋ ಇಲ್ಲವೋ.

ಹೊಸ ಚೀಲ ಮುಗಿಯಲು ಹತ್ತೊಂಬತ್ತು ದಿನ ಹಿಡಿಯಿತು.
ಲ್ಯಾಪ್‌ಟಾಪಿಗಾಗಿ ತಳಕ್ಕೆ ಕೊಂಚ ಮೂಲೆ ಕೊಡಬೇಕಾಯಿತು,
ಅದೊಂದು ಸೋಲು, ಒಪ್ಪಿದೆ.
ನಳಿನಾಕ್ಷಿ ಹೆಗಲಿಗೆ ಹಾಕಿ, ತಿರುಗಿ, ಕನ್ನಡಿ ನೋಡಿ,
ಒಳಗೆ ಕೈಯಿಟ್ಟಳು.
"ಅಯ್ಯೋ, ಇಯರ್‌ಫೋನಿಗೆ ಜೇಬು! ಎಷ್ಟು ಯೋಚಿಸಿದ್ದೀರಿ!"
ಹೂಂ ಅಂದೆ.

ಉಪ್ಪು ತೊಗಲಿಗೆ ಆಗದು,
ಹಿತ್ತಾಳೆಗಂತೂ ಆಗಲೇ ಆಗದು, ಮೇಸ್ತ್ರಿ ಇದ್ದಿದ್ದರೆ
ರಂಪಿಗೆಯ ಹಿಡಿಯಿಂದಲೇ ತಲೆಗೆ ಕುಟ್ಟುತ್ತಿದ್ದರು.
ಆದರೂ ಅವಳು ದುಡ್ಡು ಎಣಿಸುವಾಗ
ಬೆನ್ನು ತಿರುಗಿಸಿ ನಿಂತು
ನಾಲ್ಕೇ ನಾಲ್ಕು ಹರಳು.