ಶೇಕಡಾ ಹನ್ನೆರಡು

ಗಬ್ಬೂರು ದಾಟುವಾಗ ಪರದೆಯ ಮೇಲೆ ಹನ್ನೆರಡು.
ಎ.ಸಿ. ಆರಿಸಿದೆ. ಹೊರಗೆ ನಲವತ್ಮೂರು ಡಿಗ್ರಿ,
ಒಳಗೆ ನಾನು, ಖಾಲಿ ಲಸಿಕೆ ಡಬ್ಬಿ,
ಅರವತ್ತು ಕಂತಿನಲ್ಲಿ ಇನ್ನೂ ಉಳಿದ ಐವತ್ತೊಂದು.

ಲೆಕ್ಕ ಬರೆಯುವ ಚಟ ನನಗೆ,
ಕ್ಯಾಲೆಂಡರಿನ ಬೆನ್ನಿಗೆ, ಪೆನ್ಸಿಲಿನಲ್ಲಿ:
ಆಗ ವಾರಕ್ಕೆ ಡೀಸೆಲ್ ಎರಡೂವರೆ ಸಾವಿರ,
ಈಗ ಕರೆಂಟು ಆರುನೂರ ಹತ್ತು.
ಉಳಿದದ್ದೆಲ್ಲಿ ಎಂದು ಬರೆಯುವಲ್ಲಿ
ಬ್ಯಾಂಕಿನ ಹೆಸರು.

ಮನೆ ಮಾಲೀಕರು ಬೇರೆಯೇ ಮೀಟರು ಹಾಕಿಸಿದ್ದಾರೆ.
ಬೆಳಿಗ್ಗೆ ಹಲ್ಲುಜ್ಜುತ್ತ ಅದರ ಮುಂದೆ ನಿಲ್ಲುತ್ತಾರೆ,
"ರಾತ್ರಿಯೆಲ್ಲ ಉಣ್ತದಲ್ರೀ ಸಿಸ್ಟರ್, ನಿಮ್ಮ ಕೂಸು!"

ಶಕ್ತಿನಗರದಲ್ಲಿ ಅಕ್ಕನ ಕ್ವಾರ್ಟರ್ಸ್ ಮುಂದೆ
ಒಂದು ರಾತ್ರಿ ನಿಲ್ಲಿಸಿದ್ದೆ.
ಹೊಗೆ ಇಲ್ಲದ ಗಾಡಿ ಅಂದೆ, ತುಸು ಜಂಬದಿಂದಲೇ.
ಬೆಳಗಾದರೆ ಬಾನೆಟ್ಟಿನ ಮೇಲೆ ಹಾರುಬೂದಿ,
ಅದರಲ್ಲಿ ಬೆರಳಾಡಿಸಿ ಅಕ್ಕನ ಮಗಳು
ತ್ರಿವೇಣಿ ಎಂದು ಬರೆದಿದ್ದಳು, ಕೊಂಬು ಸಮೇತ.
ಅಕ್ಕ ಚಹಾ ಸೋಸುತ್ತ ಅಂದಳು:
"ನಿನ್ನ ಹೊಗಿ ನಮ್ಮ ಮನಿ ಮುಂದ ಬಿಡ್ತದ, ತಗೋ."

ಬ್ಯಾಟರಿಗೆ ಎಂಟು ವರ್ಷ ಗ್ಯಾರಂಟಿ. ನನ್ನ ನೌಕರಿಗೆ ಏಳು.
ಹೊಸದಕ್ಕೆ ಎಷ್ಟಪ್ಪ ಅಂದರೆ ಶೋರೂಮಿನ ಹುಡುಗ
"ಅಷ್ಟೊತ್ತಿಗೆ ರೇಟ್ ಇಳೀತದ ಮೇಡಂ" ಎಂದು ನಕ್ಕ.
ಈ ಊರಲ್ಲಿ ಇಳಿದದ್ದು ನಾನು ಕಂಡಿದ್ದು
ಭತ್ತದ ರೇಟೊಂದೇ. ಆದರೂ ಸಹಿ ಹಾಕಿದೆ.
ಯಾಕೆ ಅಂದರೆ ಗೊತ್ತಿಲ್ಲ. ನಡುರಾತ್ರಿ ಹೆರಿಗೆಗೆ ಕರೆ ಬಂದಾಗ
ಓಣಿಯ ನಾಯಿ ಕೂಡ ಏಳದಂತೆ ಹೊರಡುವುದು
ನನಗೆ ಇಷ್ಟ.

ಅಸ್ಕಿಹಾಳದಲ್ಲಿ ಮೂರು.
ಮೌಲಾಲಿಯ ಶೆಡ್ಡಿಗೆ ತಿರುಗಿಸಿದೆ.
ಹಳೇ ಗಾಡಿಯ ಎಂಜಿನ್ನಿಗೆ ಕಿವಿ ಕೊಟ್ಟೇ ರೋಗ ಹೇಳುತ್ತಿದ್ದವ,
ಬಸುರಿಯ ಹೊಟ್ಟೆಗೆ ಕೊಳವೆ ಹಚ್ಚಿ ನಾನು ಕೇಳಿದ ಹಾಗೆ.
ಬಾನೆಟ್ ಎತ್ತಿದ. ಬಾಗಿದ. ಬಹಳ ಹೊತ್ತು.
"ಬಡಿತಾನೇ ಇಲ್ಲಲ್ಲಕ್ಕಾ ಇದರಾಗ."
ವೈಪರಿನ ನೀರು ತುಂಬಿದ. ಅಷ್ಟೇ ಕೆಲಸ ಸಿಕ್ಕಿದ್ದು.

ಆಮೇಲೆ ಗಾಳಿ ಹೊಡೆಯುವ ಕಂಪ್ರೆಸರ್ ತಂತಿ ಕಿತ್ತು
ಅದೇ ಪ್ಲಗ್ಗಿಗೆ ನನ್ನದು ಸಿಕ್ಕಿಸಿದ.
ಎರಡು ತಾಸಿಗೆ ಮೂರು ಇದ್ದದ್ದು ಇಪ್ಪತ್ತಾಯಿತು.
ದುಡ್ಡೆಷ್ಟು ಅಂದರೆ ತಲೆ ಕೆರೆದುಕೊಂಡ.

ಸುಣ್ಣದ ಕಡ್ಡಿ ಹುಡುಕಿ ತಂದು
ಡೀಸೆಲ್ ಪಂಪ್ ರಿಪೇರಿ ಎಂಬ ಬೋರ್ಡಿನ ಕೆಳಗೆ ಬರೆದ:
ಇಲ್ಲಿ ಕರೆಂಟ್ ತುಂಬ್ತೀವಿ. ತಾಸಿಗೆ ರೂ.
ಅಲ್ಲಿಗೆ ಕೈ ನಿಲ್ಲಿಸಿ ತಿರುಗಿದ:
"ನೀವೇ ಹೇಳ್ರಿ. ಲೆಕ್ಕ ನಿಮಗ ಬರ್ತದ."